ಆರಾದ ಮೇಲೆ ಐದು

ಭಾನುವಾರ ಬೆಳಗಿನ ಆಟ. ಐದನೆಯ ರೀಲು ಶುರುವಾಗಿ ಒಂದು ನಿಮಿಷವೂ ಆಗಿರಲಿಲ್ಲ. ಕೆಳಗೆ ಚಿತ್ರಮಂದಿರದ ಕತ್ತಲಲ್ಲಿ ಒಬ್ಬ ಗಂಡಸು ಎದ್ದು ನಿಂತು, ಮೇಲೆ ಪ್ರೊಜೆಕ್ಟರ್ ಕೋಣೆಯ ನನ್ನ ಕಿಟಕಿಯ ಕಡೆ ತಿರುಗಿ ಕೂಗಿದ.

"ರೀಲು ಹಿಂದುಮುಂದಾಗಿದೆ ಕಣ್ರೀ! ಮೊದಲು ಸೇತುವೆ ಬರ್ಬೇಕು!"

ನನಗೆ ಮೈಯೆಲ್ಲ ಉರಿದುಹೋಯಿತು. ಪ್ರೊಜೆಕ್ಟರ್ ನಡೆಸುವವಳಿಗೆ ಹಾಗೆ ಹೇಳುವುದೆಂದರೆ, ಅಡುಗೆ ಮಾಡಿದವಳ ಮುಂದೆ ಅನ್ನದಲ್ಲಿ ಕಲ್ಲಿದೆ ಎಂದು ಪಂಕ್ತಿಗೆಲ್ಲ ಕೇಳುವಂತೆ ಸಾರಿದ ಹಾಗೆ. ಅದೂ ಯಾರ ಎದುರಿಗೆ? ಕೊನೆಯ ಸಾಲಿನಲ್ಲಿ ಅಪ್ಪ ಕೂತಿದ್ದ. ನಲವತ್ತು ವರ್ಷ ಈ ಚಿತ್ರಮಂದಿರದ ಯಂತ್ರ ನಡೆಸಿ, ಅದನ್ನು ನನ್ನ ಕೈಗೆ ಒಪ್ಪಿಸಿ, ಈಗ ಪ್ರತಿ ಆಟಕ್ಕೂ ಬಂದು ಕೂತು ನನ್ನ ತಪ್ಪು ಹುಡುಕುವುದೇ ಅವನ ಕೆಲಸ. "ಈ ಮನೇಲಿ ಒಂದೇ ಒಂದು ರೀಲೂ ಹಿಂದುಮುಂದಾಗಿಲ್ಲ" ಎನ್ನುವುದು, ಚಿತ್ರಮಂದಿರವನ್ನೇ ಮನೆ ಎನ್ನುವ ಅವನು ದಿನಕ್ಕೆ ನಾಲ್ಕು ಸಲ ಹೇಳುವ ಮಾತು.

ಒಂದು ರೀಲು ಹದಿನೆಂಟು ನಿಮಿಷ ಓಡುತ್ತದೆ. ಅಷ್ಟರಲ್ಲಿ ಇವನ ಬಾಯಿ ಮುಚ್ಚಿಸಿ ಬರೋಣವೆಂದು ದಡದಡನೆ ಮೆಟ್ಟಿಲಿಳಿದೆ.

"ಕೂತ್ಕೊಳ್ರೀ," ಎಂದೆ, ಹಲ್ಲು ಕಚ್ಚಿಕೊಂಡು.

"ನೋಡ್ರೀ, ಈ ಸಿನಿಮಾ ನಾನು ನೋಡಿದ್ದೀನಿ. ಇದೇ ಹಾಲಲ್ಲಿ. ಇಪ್ಪತ್ತೆರಡು ವರ್ಷದ ಹಿಂದೆ."

"ಎಷ್ಟು ಸಲ?"

"ಒಂದು ಸಲ."

"ನಾನು ಇಪ್ಪತ್ತು ಸಲ ನೋಡಿದ್ದೀನಿ."

"ನೀವು ಯಂತ್ರ ನೋಡಿರ್ತೀರಿ. ಸಿನಿಮಾ ನೋಡಿದ್ದು ನಾನು."

ಅಕ್ಕಪಕ್ಕದವರು ಶ್ ಶ್ ಎಂದರು. ಪರದೆಯ ಬೆಳಕು ಅವನ ಮುಖದ ಮೇಲೆ ಬಿದ್ದಿತ್ತು. ನಲವತ್ತೈದು ದಾಟಿದ ಮುಖ, ತಲೆಯ ಮೇಲೊಂದು ಬಟ್ಟೆಯ ಟೋಪಿ. ಜಗಳಕ್ಕೆ ಬಂದವನ ಕಣ್ಣಲ್ಲ ಅದು. ಮನೆಯ ದಾರಿ ತಪ್ಪಿದವನ ಕಣ್ಣು. ನಾನು ಮೇಲೆ ಓಡಿದೆ.

ನಿಜ ಹೇಳಿಬಿಡುತ್ತೇನೆ. ನನಗೆ ಬಂದದ್ದು ಸಿಟ್ಟಲ್ಲ, ಹೆದರಿಕೆ. ಏಕೆಂದರೆ ಅವನು ಸುಳ್ಳು ಹೇಳುತ್ತಿರಲಿಲ್ಲ.

ಅದು ಕಪ್ಪು ಬಿಳುಪಿನ ಹಳೆಯ ಜಪಾನೀ ಸಿನಿಮಾ. ಒಡೆಯನಿಲ್ಲದ ಒಬ್ಬ ಸಮುರಾಯ್, ಉಪ್ಪಿಲ್ಲದ ಒಂದು ಊರಿಗೆ ಬೆಟ್ಟದಾಚೆಯಿಂದ ಉಪ್ಪು ತಂದುಕೊಡಲು ಹೊರಡುತ್ತಾನೆ. ದಾರಿಯಲ್ಲಿ ಡಕಾಯಿತರು. ಜೊತೆಗೆ ನೀರು ಕಂಡರೆ ನಿಂತುಬಿಡುವ ಒಂದು ಕುದುರೆ. ಹತ್ತು ಜನರನ್ನು ಒಬ್ಬನೇ ಹೊಡೆದುರುಳಿಸುವವನು, ಮೊಣಕಾಲಷ್ಟು ಹಳ್ಳ ದಾಟಿಸಲು ಆ ಕುದುರೆಯ ಕಾಲು ಹಿಡಿಯುತ್ತಾನೆ.

ಏಳು ರೀಲು. ಐದನೆಯದರಲ್ಲಿ ಅವನು ತೋಳಿಗೆ ಪಟ್ಟಿ ಕಟ್ಟಿಕೊಂಡು, ದೋಣಿ ನಡೆಸುವ ಹೆಂಗಸಿನ ಮನೆಗೆ ಬರುತ್ತಾನೆ. ಹುಲ್ಲಿನ ಟೋಪಿಯನ್ನು ಬಾಗಿಲ ಪಕ್ಕದ ಗೂಟಕ್ಕೆ ಹಾಕುತ್ತಾನೆ. ಅವಳ ಚಪ್ಪಲಿಯ ಪಟ್ಟಿ ಕಿತ್ತಿರುತ್ತದೆ, ತನ್ನ ತೋಳಿನ ಬಟ್ಟೆ ಹರಿದು ಅದನ್ನು ಕಟ್ಟಿಕೊಡುತ್ತಾನೆ. ಬೆಳಿಗ್ಗೆ ಟೋಪಿ ಅಲ್ಲೇ ಬಿಟ್ಟು ಹೊರಡುತ್ತಾನೆ. ಆರನೆಯದರಲ್ಲಿ ಸೇತುವೆಯ ಕಾಳಗ. ಕುದುರೆ, ಉಪ್ಪು ಎಲ್ಲ ದಾಟಿದ ಮೇಲೆ ಸೇತುವೆಯ ಹಗ್ಗ ಕಡಿದು, ಡಕಾಯಿತರ ಜೊತೆ ತಾನೂ ನದಿಗೆ ಬೀಳುತ್ತಾನೆ. ಏಳನೆಯದರಲ್ಲಿ ಊರಿಗೆ ಉಪ್ಪು ಬರುತ್ತದೆ. ಆ ಹೆಂಗಸು ದೋಣಿಕಟ್ಟೆಯ ಮೇಲೆ ಕೂತು ನದಿಯ ಕಡೆ ನೋಡುತ್ತ ಒಬ್ಬಳೇ ನಗುತ್ತಾಳೆ. ಅವನು ಸತ್ತದ್ದು ಅವಳಿಗೆ ಗೊತ್ತಿಲ್ಲ.

ಇದು ಸರಿಯಾದ ಕ್ರಮ.

ಇಪ್ಪತ್ತೆರಡು ವರ್ಷದ ಹಿಂದೆ, ಅಪ್ಪನಿಗೆ ಜ್ವರ ಬಂದು ಮಲಗಿದ್ದಾಗ, ಈ ಸಿನಿಮಾದ ಮಧ್ಯಾಹ್ನದ ಆಟವನ್ನು ನಾನು ಮೊದಲ ಸಲ ಒಬ್ಬಳೇ ನಡೆಸಿದೆ. ನನಗಾಗ ಇಪ್ಪತ್ತೆರಡು. ಮೊದಲ ದಿನವೆಂಬ ಹುಮ್ಮಸ್ಸಿನಲ್ಲಿ ರೀಲಿನ ಏಳೂ ಡಬ್ಬಿಗಳ ಮುಚ್ಚಳ ತೆಗೆದು ಸೋಪು ಹಾಕಿ ತೊಳೆದೆ. ಕನ್ನಡಿಯ ಹಾಗೆ ಹೊಳೆಯುತ್ತಿದ್ದವು. ನಂಬರು ಇದ್ದದ್ದು ಮುಚ್ಚಳದ ಮೇಲೆ ಮಾತ್ರ, ಡಬ್ಬಿಯ ಮೇಲಲ್ಲ, ತೊಳೆದು ಮುಚ್ಚುವಾಗ ಐದು ಆರು ಅದಲುಬದಲಾಗಿವೆ ಎಂಬುದು, ನಾಲ್ಕನೆಯ ರೀಲು ಮುಗಿದು ಪರದೆಯ ಮೇಲೆ ಸೇತುವೆ ಕಂಡಾಗಲೇ ನನಗೆ ಹೊಳೆದದ್ದು.

ನಿಲ್ಲಿಸುವ ಧೈರ್ಯವಿರಲಿಲ್ಲ. ಕೆಳಗೆ ನಲವತ್ತು ಜನರಿದ್ದರು. ಪರದೆಯ ಕೆಳಗೆ ಓಡುವ ಅಕ್ಷರ ಓದುವಷ್ಟರಲ್ಲಿ ಹೋಗಿಬಿಡುತ್ತಿತ್ತು. ಯಾರೂ ಕೂಗಲಿಲ್ಲ. ನಾನೂ ಉಸಿರೆತ್ತಲಿಲ್ಲ. ಸಂಜೆಯ ಆಟಕ್ಕೆ ಸರಿ ಮಾಡಿದೆ. ಇಷ್ಟು ವರ್ಷ ಅಪ್ಪನಿಗೆ ಹೇಳಿಲ್ಲ.

ಆ ನಲವತ್ತು ಜನರಲ್ಲಿ ಒಬ್ಬ ಈಗ ಎದ್ದು ಬಂದಿದ್ದ.

ಆಟ ಮುಗಿದು ದೀಪ ಹತ್ತಿತು. ಎಲ್ಲರೂ ಹೋದರು. ಅವನು ಮಾತ್ರ ಟೋಪಿಯನ್ನು ಮಡಿಲಲ್ಲಿಟ್ಟುಕೊಂಡು ಬಿಳಿಯ ಪರದೆಯನ್ನೇ ನೋಡುತ್ತಿದ್ದ. ನನ್ನ ಜೊತೆ ಜಗಳಕ್ಕೆ ಬರುತ್ತಾನೆಂದು ಸೊಂಟಕ್ಕೆ ಕೈ ಕೊಟ್ಟು ಕಾದೆ. ಬರಲಿಲ್ಲ. ಎದ್ದ, ಟೋಪಿ ಹಾಕಿಕೊಂಡ, ಹೋದ. ಅವನು ಬೈದಿದ್ದರೆ ನನಗೆ ಊಟ ಸೇರುತ್ತಿತ್ತು.

ಸೋಮವಾರ ಬೆಳಿಗ್ಗೆ ಕುರ್ಚಿ ರಿಪೇರಿಗೆ ಜನ ಬರುತ್ತಾರೆ ಎಂದು ಅಪ್ಪ ಹೇಳಿದ್ದ. ಮೂವತ್ತು ಕುರ್ಚಿಗಳ ಸ್ಪ್ರಿಂಗು ಮೇಲೆದ್ದು ಕೂತವರನ್ನೆಲ್ಲ ಚುಚ್ಚುತ್ತಿದ್ದವು. ಬಾಗಿಲು ತೆಗೆದರೆ ಅದೇ ಆಸಾಮಿ! ಕೈಯಲ್ಲಿ ಸಲಕರಣೆಯ ಪೆಟ್ಟಿಗೆ, ಕಂಕುಳಲ್ಲಿ ಕೆಂಪು ರೆಕ್ಸಿನ್ ಸುರುಳಿ.

"ನೀವಾ?"

"ನಾನೇ. ಒಳಗೆ ಬರ್ಲಾ, ಇಲ್ಲ ಇಲ್ಲೇ ನಿಲ್ಲಿಸಿ ಬೈತೀರಾ?"

"ಕುರ್ಚಿಗೆ ಮೊಳೆ ಹೊಡೀರಿ. ಬಾಯಿ ಮಾತ್ರ ತೆಗೀಬೇಡಿ."

ಅವನು ಹೇಳಿದಂತೆ ಕೇಳಿದ. ಏಳನೆಯ ಸಾಲಿನಲ್ಲಿ ಮಂಡಿಯೂರಿ ಕೂತು, ಒಂದು ಹಿಡಿ ಸಣ್ಣ ಮೊಳೆಗಳನ್ನು ಬಾಯಿಗೆ ಹಾಕಿಕೊಂಡು, ತುಟಿಯಂಚಿನಿಂದ ಒಂದೊಂದನ್ನೇ ತೆಗೆದು ಟಕ್ ಟಕ್ ಎಂದು ಹೊಡೆಯತೊಡಗಿದ. ಹಳೇ ಬಟ್ಟೆ ಕೀಳುವಾಗ ಅವನ ಕೈ ಒರಟು. ಹೊಸ ರೆಕ್ಸಿನ್ ಎಳೆದು ಮೂಲೆ ಮಡಿಸುವಾಗ ಮಗುವಿನ ಕಾಲುಚೀಲ ಹಾಕುವಷ್ಟು ಮೆತ್ತಗೆ. ನನಗೆ ಮೇಲೆ ಕೆಲಸವಿತ್ತು. ಆದರೂ ಹಾಲಿನ ನೆಲ ಎರಡು ಸಲ ಗುಡಿಸಿದೆ.

ಬಾಯಿಯ ತುಂಬ ಮೊಳೆಯಿದ್ದವನ ಜೊತೆ ಜಗಳವಾಡುವುದು ಸುಲಭ. ಶುರು ಮಾಡಿದೆ.

"ನೀವು ಹೇಳೋ ಕ್ರಮದಲ್ಲಿ ಮೊದಲು ಸೇತುವೆ, ಆಮೇಲೆ ಮನೆ. ಸೇತುವೆ ಮೇಲೆ ಅವನ ತಲೇಲಿ ಟೋಪಿ ಇರಲ್ಲ. ಮನೆಗೆ ಬಂದಾಗ ಇರತ್ತೆ. ಎಲ್ಲಿಂದ ಬಂತು?"

ಅವನು ಸುತ್ತಿಗೆ ಕೆಳಗಿಟ್ಟ. ಬಾಯಿಂದ ಮೊಳೆಗಳನ್ನು ಒಂದೊಂದಾಗಿ ತೆಗೆದು ಕುರ್ಚಿಯ ತೋಳಿನ ಮೇಲೆ ಸಾಲಾಗಿ ಜೋಡಿಸಿದ. ಒಂಬತ್ತು. ಅಷ್ಟೂ ಹೊತ್ತು ನನ್ನನ್ನು ಕಾಯಿಸಿ, ಕಣ್ಣೆತ್ತಿ ನೋಡಿದ.

"ದಾರೀಲಿ ಕೊಂಡ್ಕೊಂಡ."

"ಏನು?"

"ಬಿಸಿಲಿತ್ತು. ಟೋಪಿ ಕೊಂಡ್ಕೊಂಡ."

"ನೀರಿಗೆ ಬಿದ್ದವನ ಬಟ್ಟೆ ಒಣಗಿದ್ದು ಹೇಗೆ?"

"ಇಷ್ಟಪಟ್ಟವಳ ಮನೆಗೆ ಒದ್ದೆ ಬಟ್ಟೇಲಿ ಯಾರಾದ್ರೂ ಹೋಗ್ತಾರೇನ್ರೀ? ಒಣಗಿಸಿಕೊಂಡು, ತಲೆ ಬಾಚಿಕೊಂಡು ಹೋಗ್ತಾರೆ."

ನಗು ಬಂತು. ಬೇಕೆಂದೇ ಕೆಮ್ಮಿದೆ. ಅದು ಕೆಮ್ಮಲ್ಲ ಎಂದು ಅವನಿಗೆ ಗೊತ್ತಾಯಿತು. ಅವನ ಎಡ ಹುಬ್ಬು ಒಂದು ಕೂದಲಿನಷ್ಟು ಮೇಲೆ ಹೋಗಿ ಇಳಿಯಿತು.

"ಆ ಬೆಟ್ಟದ ಜಗಳ ನೆನಪಿದೆಯಾ?" ಎಂದ. "ಕತ್ತೀನೇ ತೋರಿಸಲ್ಲ. ಕುದುರೆಯ ಕಿವಿ ಒಂದೇ ಕಾಣ್ಸತ್ತೆ. ಒಂದೊಂದು ಏಟಿಗೂ ಕಿವಿ ಹೀಗೆ ಹೀಗೆ ತಿರುಗತ್ತೆ. ಕೊನೆಗೆ ಕಿವಿ ಮೆತ್ತಗೆ ಕೆಳಗೆ ಬಿತ್ತು ಅಂದ್ರೆ ಯಜಮಾನ ಗೆದ್ದ ಅಂತ. ಅಂಥಾದ್ದು ನಾನು ಬೇರೆಲ್ಲೂ ನೋಡಿಲ್ಲ."

ಅವನು ಕಿವಿಯ ಪಕ್ಕ ಬೆರಳಿಟ್ಟು ತೋರಿಸಿದ. ಇಪ್ಪತ್ತು ಸಲ ಆ ರೀಲು ಓಡಿಸಿದ್ದೇನೆ. ಆ ಹೊತ್ತಿಗೆ ನಾನು ಪಕ್ಕದ ಯಂತ್ರಕ್ಕೆ ಮುಂದಿನ ರೀಲು ಪೋಣಿಸುತ್ತಿರುತ್ತೇನೆ. ಕುದುರೆಯ ಕಿವಿಯನ್ನು ಒಮ್ಮೆಯೂ ನೋಡಿರಲಿಲ್ಲ.

"ಒಂದು ಸಲ ನೋಡಿದ್ದನ್ನ ಇಷ್ಟೊಂದು ನೆನಪಿಟ್ಕೊಂಡಿದ್ದೀರಾ?"

ಅವನು ಸುತ್ತಿಗೆಯ ಹಿಡಿಯನ್ನು ಹೆಬ್ಬೆರಳಿನಲ್ಲಿ ಉಜ್ಜುತ್ತ ಕೂತ.

"ಅವತ್ತು ನಾನು ಮನೆ ಬಿಟ್ಟು ಬಂದಿದ್ದೆ. ನಮ್ಮ ಕುರ್ಚಿ ಅಂಗಡೀಲಿ ಅಣ್ಣನ ಜೊತೆ ಜಗಳ. 'ಈ ಅಂಗಡಿ ಹೊಸಿಲು ಮತ್ತೆ ತುಳಿದ್ರೆ ಕೇಳು' ಅಂತ ಎಲ್ಲರ ಮುಂದೆ ಕೂಗಾಡಿದ್ದೆ. ಅಮ್ಮ ಬಾಗಿಲಲ್ಲಿ ನಿಂತು ಅಳ್ತಿದ್ರು. ಸಂಜೆ ರೈಲು. ಅಲ್ಲೀವರೆಗೆ ಹೊತ್ತು ಹೋಗ್ಲಿ ಅಂತ ಇಲ್ಲಿ ಬಂದು ಕೂತೆ. ಸೇತುವೆ ಬಿತ್ತು, ಅವನು ಸತ್ತ ಅಂದ್ಕೊಂಡೆ. ಆಮೇಲೆ ನೋಡಿದ್ರೆ ತೋಳಿಗೆ ಪಟ್ಟಿ ಕಟ್ಕೊಂಡು ಬಾಗಿಲಲ್ಲಿ ನಿಂತಿದ್ದಾನೆ! ಸತ್ತವನೇ ಎದ್ದು ಮನೆಗೆ ಹೋದ. ಬದುಕಿರೋ ನನಗೇನು ದೊಡ್ಡ ರೋಗ ಅನ್ನಿಸ್ತು. ರೈಲು ಹತ್ಲಿಲ್ಲ. ಮನೆಗೆ ಹೋದೆ. ಅಣ್ಣ ಒಂದು ಮಾತೂ ಆಡ್ಲಿಲ್ಲ, ಸುತ್ತಿಗೆ ಕೈಗೆ ಕೊಟ್ಟ. ಇದೇ ಅದು."

ಹೇಳಿಬಿಡು, ಈಗಲೇ ಹೇಳಿಬಿಡು ಎಂದುಕೊಂಡು ಬಾಯಿ ತೆರೆದೆ. ಆಗಲೇ ಹಿಂದಿನ ಬಾಗಿಲಿನಿಂದ ಅಪ್ಪ ಬಂದ.

"ಓಹೋ, ನಿನ್ನೆ ಕೂಗಿದ ಮಹಾಶಯ ನೀನೇನಾ? ಈ ಮನೇಲಿ ನಲವತ್ತು ವರ್ಷದಲ್ಲಿ ಒಂದೇ ಒಂದು ರೀಲೂ ಹಿಂದುಮುಂದಾಗಿಲ್ಲ, ತಿಳ್ಕೋ!"

ಕುರ್ಚಿಯವನು ಎದ್ದು ನಿಂತು ಟೋಪಿ ತೆಗೆದ. "ತಪ್ಪು ನಂದೇ, ಯಜಮಾನ್ರೇ. ಎಲ್ಲೋ ನಿದ್ದೆ ಮಾಡಿದ್ದೆ ಅಂತ ಕಾಣತ್ತೆ. ನನಗೆ ಬೇಕಾದ ಹಾಗೆ ಕನಸು ಕಟ್ಕೊಂಡಿದ್ದೀನಿ."

ನಗುತ್ತಲೇ ಹೇಳಿದ. ಆಮೇಲೆ ಬಗ್ಗಿ ಮೊಳೆಗಳನ್ನು ಬಾಯಿಗೆ ಹಾಕಿಕೊಂಡ. ಸಂಜೆಯವರೆಗೆ ತಲೆಯೆತ್ತದೆ ಟಕ್ ಟಕ್ ಎಂದು ಹೊಡೆಯುತ್ತಲೇ ಇದ್ದ.

ನನಗೆ ಅಪ್ಪನ ಮೇಲೆ ಸಿಟ್ಟು ಬಂತು. ಕುರ್ಚಿಯವನ ಮೇಲೂ ಬಂತು. ಕೊನೆಗೆ ಬಂದದ್ದೆಲ್ಲ ನನ್ನ ಮೇಲೇ. ಅವನು ಕಂಡದ್ದು ಕನಸಲ್ಲ ಎಂದು ಹೇಳಬಲ್ಲವಳು ಈ ಭೂಮಿಯ ಮೇಲೆ ನಾನೊಬ್ಬಳೇ. ಬುಧವಾರ ಮಧ್ಯಾಹ್ನ ವಿತರಕರ ವ್ಯಾನು ಬಂದು ರೀಲುಗಳನ್ನು ತೆಗೆದುಕೊಂಡು ಹೋದರೆ, ಇನ್ನು ಯಾವ ಕಾಲಕ್ಕೆ ಮರಳಿ ಬರುತ್ತವೋ. ಒಬ್ಬ ಮನುಷ್ಯನ ಬದುಕನ್ನು ತಿರುಗಿಸಿದ ಗಳಿಗೆಯನ್ನು, ನನ್ನ ಮರ್ಯಾದೆ ಉಳಿಸಿಕೊಳ್ಳಲು, ಅವನ ಕೈಯಿಂದಲೇ ಸುಳ್ಳು ಮಾಡಿಸಿದ್ದೆ.

ಮಂಗಳವಾರ ಹನ್ನೊಂದು ಗಂಟೆಗೆ ಇಬ್ಬರನ್ನೂ ಮೇಲಿನ ಕೋಣೆಗೆ ಕರೆದೆ. ಎರಡು ಯಂತ್ರಗಳ ನಡುವೆ ಸ್ಟೂಲು ಹಾಕಿ, ಮೂರು ಲೋಟ ಟೀ ಇಟ್ಟೆ.

"ಅಪ್ಪ, ನೀನು ಮಧ್ಯೆ ಬಾಯಿ ಹಾಕ್ಬೇಡ. ನೀವೂ ಅಷ್ಟೇ," ಎಂದೆ. ಮುಚ್ಚಳ ತೊಳೆದದ್ದು, ಸೋಪು, ಸೇತುವೆ, ಎಲ್ಲವನ್ನೂ ಒಂದೇ ಉಸಿರಿನಲ್ಲಿ ಹೇಳಿದೆ. "ಇವ್ರು ನಿದ್ದೆ ಮಾಡಿರ್ಲಿಲ್ಲ. ಆರಾದ ಮೇಲೆ ಐದು ತೋರಿಸಿದ್ದು ನಾನು. ಬೈಯೋದಿದ್ರೆ ಇಬ್ಬರೂ ಬೈದು ಮುಗಿಸಿ. ನಂಗೆ ಕೆಲಸ ಇದೆ."

ಕುರ್ಚಿಯವನು ಲೋಟ ಕೆಳಗಿಟ್ಟ. ಮೊದಲು ಕಣ್ಣು ನಕ್ಕವು, ಆಮೇಲೆ ಮೀಸೆ, ಆಮೇಲೆ ಇಡೀ ಮನುಷ್ಯ.

"ಹಂಗಾದ್ರೆ ನಾನು ನೋಡಿದ್ದು ನಿಜ!"

"ನಿಜ."

"ಆ ಸಿನಿಮಾ ನೀವು ಮಾಡಿದ್ದು."

"ನಾನು ತಪ್ಪು ಮಾಡಿದ್ದು ರೀ!"

"ಅದೇ. ನಾನು ಮನೆಗೆ ಹೋಗಿದ್ದು ನಿಮ್ಮಿಂದ."

ಹೀಗೆಲ್ಲ ಒಬ್ಬ ಗಂಡಸು ನೇರವಾಗಿ ನೋಡುತ್ತ ಹೇಳಿದರೆ ಏನು ಮಾಡಬೇಕೆಂದು ನನಗೆ ಯಾರೂ ಕಲಿಸಿರಲಿಲ್ಲ. ನನ್ನನ್ನು ನೋಡಲು ಬಂದ ಗಂಡುಗಳೆಲ್ಲ ನನ್ನ ಬಾಯಿಗೆ ಹೆದರಿ ಓಡಿದವರೇ. ಇವನು ಬೈಸಿಕೊಂಡಷ್ಟೂ ಹತ್ತಿರ ಬರುತ್ತಿದ್ದ. ನಾನು ಬಟ್ಟೆ ತೆಗೆದುಕೊಂಡು, ಒರೆಸಿದ ಲೆನ್ಸನ್ನೇ ಮತ್ತೆ ಒರೆಸಿದೆ.

ಅಪ್ಪ ಎದ್ದು ಹೋಗಿ ಡಬ್ಬಿಗಳ ಮುಂದೆ ಕುಕ್ಕರಗಾಲಲ್ಲಿ ಕೂತ. ಬೆನ್ನು ನಮ್ಮ ಕಡೆ. ಆ ಬೆನ್ನು ಅಲುಗಾಡುತ್ತಿತ್ತು. ಅಳುತ್ತಿದ್ದಾನೆಂದುಕೊಂಡು ಹತ್ತಿರ ಹೋದೆ.

"ಅಪ್ಪ..."

ಅವನು ತಿರುಗಿದ. ನಕ್ಕು ನಕ್ಕು ಕಣ್ಣಲ್ಲಿ ನೀರು.

"ಏ ಕೆಂಡ," ಎಂದ. ಸಿಟ್ಟಿನ ಮಗಳಿಗೆ ಅವನಿಟ್ಟ ಹೆಸರು ಅದು. "ಇಪ್ಪತ್ತೆರಡು ವರ್ಷ ಇದನ್ನ ಹೊಟ್ಟೇಲಿಟ್ಕೊಂಡಿದ್ಯಾ? ನಾನು ನಿನ್ನ ಅಮ್ಮನ್ನ ಮೊದಲ ಸಲ ಕೆಳಗೆ ಎರಡನೇ ಸಾಲಲ್ಲಿ ನೋಡಿದ ದಿವಸ, ಮೂರನೇ ರೀಲನ್ನ ಎರಡು ಸಲ ತೋರಿಸಿದ್ದೆ. ಸತ್ತ ವಿಲನ್ನು ಮತ್ತೆ ಬಂದು ಮತ್ತೆ ಸತ್ತ. ಜನ ಎರಡು ಸಲ ಚಪ್ಪಾಳೆ ಹೊಡೆದ್ರು."

"ಮತ್ತೆ ಒಂದು ರೀಲೂ ಹಿಂದುಮುಂದಾಗಿಲ್ಲ ಅಂತ ದಿನಾ ಹೇಳ್ತೀಯಲ್ಲ!"

"ಹಿಂದುಮುಂದು ಎಲ್ಲಾಯ್ತು? ಅದೇ ರೀಲು ಎರಡು ಸಲ ಬಂತು, ಅಷ್ಟೇ." ಅಪ್ಪ ಕುರ್ಚಿಯವನ ಕಡೆ ತಿರುಗಿದ. "ನಾಳೆ ಬೆಳಿಗ್ಗೆ ಒಂಬತ್ತಕ್ಕೆ ಬಾರಪ್ಪ. ಹಾಲು ಖಾಲಿ ಇರತ್ತೆ. ವ್ಯಾನು ಬರೋದ್ರೊಳಗೆ ನಿನ್ನ ಸಿನಿಮಾ ತೋರಿಸ್ತೀವಿ."

"ನಾನು ಓಡಿಸ್ತೀನಿ," ಎಂದೆ.

"ನೀನು ಕೆಳಗೆ ಕೂರ್ತೀಯ. ಓಡಿಸೋದು ನಾನು."

"ನಿನ್ನ ಕೈ ನಡುಗತ್ತೆ."

"ನಡುಗ್ಲಿ. ಇವನು ಹೇಳಿದ್ದು ಸರಿ. ನೀನು ಒಂದು ದಿನಾನೂ ಸಿನಿಮಾ ನೋಡಿಲ್ಲ."

ಬುಧವಾರ ಬೆಳಿಗ್ಗೆ ನಾನು ಮೇಲೆ ಹೋಗಿ ಡಬ್ಬಿಗಳನ್ನು ಜೋಡಿಸಲು ನೋಡಿದರೆ, ಅಪ್ಪ ಆಗಲೇ ಜೋಡಿಸಿದ್ದ. ಒಂದು, ಎರಡು, ಮೂರು, ನಾಲ್ಕು, ಆರು, ಐದು, ಏಳು. ಪ್ರತಿಯೊಂದರ ಪಕ್ಕದಲ್ಲೂ ಸೀಮೆಸುಣ್ಣದಲ್ಲಿ ನಂಬರು ಬರೆದಿದ್ದ.

"ತಪ್ಪು ಮಾಡೋದಾದ್ರೂ ಸರಿಯಾಗಿ ಮಾಡ್ಬೇಕು," ಎಂದ. "ಹೋಗು ಕೆಳಗೆ."

ಏಳನೆಯ ಸಾಲಿನಲ್ಲಿ ಕುರ್ಚಿಯವನು ಹೊಸ ಅಂಗಿ ತೊಟ್ಟು ನಿಂತಿದ್ದ. ಪಕ್ಕದ ಕುರ್ಚಿಯ ಕೆಂಪು ರೆಕ್ಸಿನನ್ನು ಕೈಯಲ್ಲಿ ಒರೆಸಿ, "ಇದಕ್ಕೆ ಹೊಸ ಸ್ಪ್ರಿಂಗು ಹಾಕಿದ್ದೀನಿ. ನಿಮಗೇ ಅಂತ," ಎಂದ.

"ಚುಚ್ಚಿದ್ರೆ ನೋಡಿ."

"ಚುಚ್ಚೋದೆಲ್ಲ ನಿಮ್ಮ ಮಾತು ಮಾತ್ರ."

ಕತ್ತಲಾಯಿತು. ನಲವತ್ನಾಲ್ಕು ವರ್ಷದ ನಾನು, ನನ್ನದೇ ಚಿತ್ರಮಂದಿರದಲ್ಲಿ ಮೊದಲ ಸಲ ಪರದೆಯ ಎದುರಿಗೆ ಕೂತೆ. ಮೇಲಿನ ಕಿಟಕಿಯಿಂದ ಅಂಗೈ ಅಗಲ ಕಾಣುತ್ತಿದ್ದದ್ದು ಈಗ ಬೆಟ್ಟವಾಗಿ ಎದುರಿಗೆ ನಿಂತಿತ್ತು. ಹುಲ್ಲುಗಾವಲಿನಲ್ಲಿ ಗಾಳಿ ಬೀಸಿದರೆ ನನ್ನ ಕೂದಲೇ ಹಾರಿದಂತಾಯಿತು. ಕುದುರೆ ಹಳ್ಳದ ಮುಂದೆ ಕಾಲೂರಿ ನಿಂತಾಗ, ಆ ಸಮುರಾಯ್ ಕತ್ತಿ ಬಿಚ್ಚಿ ಪಕ್ಕಕ್ಕಿಟ್ಟು ಅದರ ಕಿವಿಯಲ್ಲಿ ಗೋಗರೆಯುವುದು ಕಂಡು ನಾನು ಗಟ್ಟಿಯಾಗಿ ನಕ್ಕೆ. ಬೆಟ್ಟದ ಕಾಳಗ ಬಂತು. ಕಿವಿ ತಿರುಗಿತು, ನಡುಗಿತು, ನಿಂತಿತು. ಮೆತ್ತಗೆ ಕೆಳಗೆ ಬಿತ್ತು. ನನ್ನ ಬಿಗಿಹಿಡಿದ ಉಸಿರೂ ಅದರ ಜೊತೆಗೇ ಬಿತ್ತು.

ಪಕ್ಕಕ್ಕೆ ತಿರುಗಿದರೆ ಅವನು ಪರದೆ ನೋಡುತ್ತಿರಲಿಲ್ಲ.

"ಸಿನಿಮಾ ಅಲ್ಲಿದೆ," ಎಂದೆ.

"ಅದು ನಾನು ನೋಡಿದ್ದೀನಿ."

ನಾಲ್ಕನೆಯ ರೀಲು ಮುಗಿಯುವಾಗ ಪರದೆಯ ಬಲಮೂಲೆಯಲ್ಲಿ ಚುಕ್ಕೆ ಬಂತು. ಯಂತ್ರ ಬದಲಿಸಬೇಕೆಂಬ ಗುರುತು ಅದು. ಎರಡನೆಯ ಚುಕ್ಕೆಯೂ ಬಂತು. ಅಪ್ಪ ಬದಲಿಸಲಿಲ್ಲ. ಪರದೆ ಬೆಳ್ಳಗಾಯಿತು. ನಾನು ಧಡಕ್ಕನೆ ಎದ್ದು, "ಅಪ್ಪಾ! ಚುಕ್ಕೆ!" ಎಂದು ಕೂಗುವಷ್ಟರಲ್ಲಿ ಕುರ್ಚಿಯವನು ನನ್ನ ಮಣಿಕಟ್ಟು ಹಿಡಿದ.

"ಕೂತ್ಕೊಳ್ರೀ," ಎಂದ. ಭಾನುವಾರ ನಾನು ಅಂದ ಹಾಗೆಯೇ, ಹಲ್ಲು ಕಚ್ಚಿಕೊಂಡು.

ಕೂತೆ. ಸೇತುವೆ ಬಂತು. ಅವನ ಕೈ ನನ್ನ ಕೈಯ ಮೇಲೆಯೇ ಇತ್ತು. ಮೊಳೆ ಹಿಡಿದು ಹಿಡಿದು ಗಟ್ಟಿಯಾದ ಬೆರಳು. ಹಗ್ಗ ಕಡಿದು ಸಮುರಾಯ್ ನದಿಗೆ ಬಿದ್ದಾಗ, ಕಥೆಯೆಲ್ಲ ಗೊತ್ತಿದ್ದ ನಾನು ಮೂರ್ಖಳ ಹಾಗೆ ಅತ್ತೆ. ನೀರು ಶಾಂತವಾಯಿತು. ಮತ್ತೆ ಚುಕ್ಕೆ ಬಂತು. ಈ ಸಲ ಅಪ್ಪ ಕಣ್ಣು ಮಿಟುಕಿಸುವಷ್ಟರಲ್ಲಿ ಬದಲಿಸಿದ.

ಬಾಗಿಲು. ಬಾಗಿಲಲ್ಲಿ ಅವನು. ತೋಳಿಗೆ ಪಟ್ಟಿ, ತಲೆಯ ಮೇಲೆ ಹುಲ್ಲಿನ ಟೋಪಿ.

"ಬಂದ!" ಎಂದುಬಿಟ್ಟೆ.

ದೋಣಿಯ ಹೆಂಗಸು ಏನೂ ಹೇಳದೆ ಅವನನ್ನು ನೋಡುತ್ತಾಳೆ. ಅವನು ಟೋಪಿ ಗೂಟಕ್ಕೆ ಹಾಕುತ್ತಾನೆ. ಅಷ್ಟೇ. ಆದರೆ ಆ ಗೂಟಕ್ಕೆ ಟೋಪಿ ಬಿದ್ದ ಸದ್ದಿಗೆ ನನ್ನೊಳಗೆ ಯಾವುದೋ ಬಾಗಿಲು ತೆರೆದುಕೊಂಡಿತು. ಸರಿಯಾದ ಕ್ರಮದಲ್ಲಿ ಅದು ಹೊರಡುವವನ ಟೋಪಿ. ಈ ಕ್ರಮದಲ್ಲಿ ಮನೆಗೆ ಬಂದವನ ಟೋಪಿ. ದೋಣಿಕಟ್ಟೆಯ ಮೇಲೆ ಅವಳು ಕೊನೆಗೆ ನಕ್ಕಾಗ, ಸಂಜೆಗೆ ಅವನು ಬಂದೇ ಬರುತ್ತಾನೆ ಎಂದು ನನಗೂ ಖಾತ್ರಿಯಾಗಿತ್ತು.

ದೀಪ ಹತ್ತಿತು. ಮೇಲಿನ ಕಿಟಕಿಯಿಂದ ಅಪ್ಪ ತಲೆ ಹೊರಗೆ ಹಾಕಿ, "ಇದೇ ಸರಿ ಕಣ್ರೋ! ಆ ಸಿನಿಮಾ ಮಾಡಿದವ್ರಿಗೆ ಬುದ್ಧಿ ಇರ್ಲಿಲ್ಲ!" ಎಂದು ಕೂಗಿದ.

ವ್ಯಾನು ಬಂತು. ರೀಲುಗಳನ್ನು ಸರಿಯಾದ ಡಬ್ಬಿಗೆ ತುಂಬಿ, ಸರಿಯಾದ ಮುಚ್ಚಳ ಹಾಕಿ ಕಳಿಸಿದೆ. ನಾನು ಮೇಲಿನ ಕೋಣೆಗೆ ಬರುವಷ್ಟರಲ್ಲಿ ಅಲ್ಲಿ ಕುರ್ಚಿಯವನೂ ತನ್ನ ಪೆಟ್ಟಿಗೆ ಎತ್ತಿಕೊಂಡಿದ್ದ. ಮೂವತ್ತು ಕುರ್ಚಿಯೂ ಮುಗಿದಿದ್ದವು. ಇನ್ನು ಅವನು ಇಲ್ಲಿಗೆ ಬರಲು ಯಾವ ಕಾರಣವೂ ಇರಲಿಲ್ಲ.

"ಬರ್ತೀನಿ," ಎಂದ.

"ಹೂಂ," ಎಂದೆ. ಊರಿಗೆಲ್ಲ ಬಾಯಿ ಮಾಡುವವಳಿಗೆ ಆಗ ಅಷ್ಟೇ ಬಂದದ್ದು.

ಮೆಟ್ಟಿಲಿನ ಮೇಲೆ ಹೆಜ್ಜೆ ಸದ್ದು ಇಳಿದುಹೋಯಿತು. ಕೋಣೆಯ ಬಾಗಿಲು ಹಾಕಲು ತಿರುಗಿದರೆ, ಪಕ್ಕದ ಗೋಡೆಯಲ್ಲಿ ಒಂದು ಹೊಸ ಮೊಳೆ. ನಿನ್ನೆ ಇರಲಿಲ್ಲ. ಅದರ ಮೇಲೆ ಅವನ ಬಟ್ಟೆಯ ಟೋಪಿ.

ಟೋಪಿ ಕೈಗೆತ್ತಿಕೊಂಡು ಬೀದಿಯ ಕಡೆಯ ಕಿಟಕಿಗೆ ಓಡಿದೆ. ಅವನು ಬಿಸಿಲಿನಲ್ಲಿ ಬರಿ ತಲೆಯಲ್ಲಿ ರಸ್ತೆ ದಾಟುತ್ತಿದ್ದ.

"ಏನ್ರೀ! ಟೋಪಿ ಬಿಟ್ಟು ಹೋಗ್ತಿದ್ದೀರಿ!"

ಅವನು ರಸ್ತೆಯ ನಡುವೆಯೇ ನಿಂತು ಮೇಲೆ ನೋಡಿದ. ಸೈಕಲ್ಲಿನವನೊಬ್ಬ ಬೈದುಕೊಂಡು ಹೋದ.

"ಬಿಟ್ಟಿಲ್ಲ. ಮೊಳೆಗೆ ಹಾಕಿದ್ದೀನಿ," ಎಂದ. ಆಮೇಲೆ ಒಂದು ಗಳಿಗೆ ಅವನ ಮುಖ ಸಣ್ಣದಾಯಿತು. "ಬೇಡ ಅನ್ನೋದಾದ್ರೆ ಕೆಳಗೆ ಎಸೀರಿ. ಹಿಡ್ಕೋತೀನಿ."

ಟೋಪಿ ಬಿಟ್ಟು ಹೋದವನು ಸೇತುವೆಯಿಂದ ಮರಳಿ ಬರುವುದಿಲ್ಲ, ಸರಿಯಾದ ಕ್ರಮದಲ್ಲಿ. ನಾನು ಕಿಟಕಿಯಿಂದ ಅರ್ಧ ಮೈ ಹೊರಗೆ ಚಾಚಿ, ಇಡೀ ಬೀದಿಗೆ ಕೇಳುವಂತೆ ಕೂಗಿದೆ.

"ನೋಡಿ, ಈ ಮನೇಲಿ ಆರಾದ ಮೇಲೆ ಐದು! ಗೊತ್ತಾಯ್ತಾ? ಸಂಜೆ ಟೀ ಹೊತ್ತಿಗೆ ಬರ್ದೇ ಇದ್ರೆ ನಾನೇ ಬಂದು ಎಳ್ಕೊಂಡು ಬರ್ತೀನಿ!"

ಕೆಳಗಿನ ಅಂಗಡಿಯವರೆಲ್ಲ ತಲೆಯೆತ್ತಿ ನೋಡಿದರು. ನೋಡಲಿ. ನಾನು ಟೋಪಿಯನ್ನು ಮೊಳೆಗೆ ಹಾಕಿದೆ. ಅದು ಅಲ್ಲಿ ಸರಿಯಾಗಿ ಕೂತಿತು.